ತಮನ್ನಾ ಹಾಕಿದ ಬೀಗ

ಸಂಶಿ
5 ಫೆಬ್ರುವರಿ 2024

ಅಮ್ಮಾ,

ನಿನ್ನೆ ಹೊತ್ತು ಮುಳುಗುವ ಮೊದಲೇ ಮನೆ ಮುಟ್ಟಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಸೀಟು ಸಿಕ್ಕಿತು. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನಗೆ ಫೋನು ಕೇಳಿಸುವುದಿಲ್ಲ. ‘ಹಾಂ, ಹಾಂ’ ಎನ್ನುತ್ತ ಕಡೆಗೆ ಅದನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರವನ್ನೂ ನಿನ್ನ ಕಿವಿಗೆ ಬಾಯಿ ಹಚ್ಚಿ ಓದುವವಳು ತಮನ್ನಾನೇ ಎಂದು ಗೊತ್ತಿದೆ. ಓದಲಿ. ಒಂದು ಸಾಲೂ ಬಿಡದೆ ಓದಲಿ.

ತಮ್ಮ ರಮಜಾನ್‌ನ ಹೊಸ ಅಂಗಡಿಯ ಊಟಕ್ಕೆಂದು ಬಂದಿದ್ದೆನಲ್ಲ, ಅಂದು ಎಲ್ಲರೆದುರು ನಡೆದದ್ದು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ. ನಾನು ಕೇಳಿದ್ದು ಬಂಗಾರವಲ್ಲ. ನಮ್ಮ ಮನೆಯವರು ನನಗೊಂದು ನಿಲುವಿನ ಮಗ್ಗ ಮಾಡಿಸಿಕೊಟ್ಟಿದ್ದಾರೆ, ಇಲ್ಲಿಯ ಮಹಿಳಾ ಸಂಘದವರು ಕಲಿಸಿದ ಪಟ್ಟಿಪಟ್ಟಿ ಜಮಖಾನ ಬಿಟ್ಟರೆ ಬೇರೆ ನೇಯಲು ನನಗೆ ಬರುವುದಿಲ್ಲ, ನಿನ್ನ ನವಿಲಿನ ಅಂಚನ್ನು ಒಮ್ಮೆ ನೋಡಿಕೊಳ್ಳುತ್ತೇನೆ ಎಂದೆ. ನೀನು ನನ್ನ ಮುಖ ನೋಡಲಿಲ್ಲ. ಅವಳ ಮುಖ ನೋಡಿದೆ.

“ಅವೆಲ್ಲಾ ಪೆನ್‌ಡ್ರೈವ್‌ನಾಗ ಅದಾವ ಆಪಾ. ಬೀಗ ಹಾಕೇನಿ” ಅಂದಳು.

“ಹಂಗಾರ ತಗಿ.”

“ಈಗ ಬ್ಯಾಡ್ರಿ. ಮಂದಿ ಕುಂತಾರ.”

ಎದುರು ಮನೆಯ ರಾಜಮಾಬಿ ಸೆರಗಿನ ಮರೆಯಲ್ಲಿ ನಕ್ಕಳು. ನಾನು ತಾಟು ಹಾಗೇ ಬಿಟ್ಟು ಎದ್ದೆ. ನೀನು ‘ಕೂಡು’ ಅನ್ನಲಿಲ್ಲ.

ನಾನು ಸಣ್ಣವಳಿದ್ದಾಗ ನೀನು ಮಗ್ಗದ ಮುಂದೆ ಕೂತರೆ ನನ್ನನ್ನು ಹೊರಗೆ ಕಳಿಸುತ್ತಿದ್ದೆ. ನಮ್ಮ ಮನೆಯ ರೂಢಿ ಅದು, ನೇಯ್ಗೆ ಸೊಸೆಗೆ, ಮಗಳಿಗಲ್ಲ. ಮಗಳು ಅದನ್ನು ಕೊಟ್ಟ ಮನೆಗೆ ಒಯ್ದುಬಿಡುತ್ತಾಳಂತೆ. ಆಗ ಬಾಗಿಲಿಗೆ ಪರದೆ ಇತ್ತು, ಪರದೆಯ ಆಚೆ ಇರುವವಳು ನನ್ನ ತಾಯಿ ಎಂಬ ಸಮಾಧಾನವಾದರೂ ಇತ್ತು. ಈಗ ಪರದೆ ಹೋಗಿ ಕಂಪ್ಯೂಟರಿನ ಬೀಗ ಬಂದಿದೆ. ಅದರ ಆಚೆ ಕೂತವಳು ಅಣ್ಣಿಗೇರಿಯಿಂದ ಬಂದ ಹುಡುಗಿ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದು ತಪ್ಪಾಯಿತೇನಮ್ಮಾ? ನಾನು ನಿನಗೆ ಸೊಸೆಯಾಗಿ ಬರಬೇಕಿತ್ತು.

ಉತ್ತರ ಬರೆಸು. ಅವಳ ಮಾತಲ್ಲ, ನಿನ್ನ ಮಾತು.

ನಿನ್ನ ಮಗಳು, ಇನ್ನೂ ಹಾಗೆ ಅನ್ನಿಸಿದರೆ,
ತಬಸುಮ್


ನವಲಗುಂದ
19 ಫೆಬ್ರುವರಿ 2024

ತಬಸುಮ್,

ನಾ ನಿಮ್ಮವ್ವ ಹಲೀಮಾಬಿ ಹೇಳಾಕತ್ತೀನಿ, ಸೊಸಿ ಬರಿಯಾಕತ್ತಾಳ. ನಿನ್ನ ಪತ್ರ ಪೂರಾ ಓದಿಸಿಕೊಂಡೆ. ನಡುವ ಆಕಿ ದನಿ ಸಣ್ಣದಾತು, ಜೋರ ಓದಬೇ ಅಂದೆ, ಓದಿದಳು. ಊಟ ಬಿಟ್ಟು ಏಳಬಾರದಿತ್ತು ನೀ. ಅನ್ನದ ಮ್ಯಾಲ ಯಾಕ ಸಿಟ್ಟು.

ನನ್ನ ಕಣ್ಣಿಗೆ ಪೊರಿ ಬಂದೈತಿ. ಕೆಂಪು ಎಳಿ, ಕರಿ ಎಳಿ ಎರಡೂ ಒಂದ ಕಾಣತಾವ. ಮಗ್ಗದ ಮುಂದ ಕೂಡೂದು ಬಿಟ್ಟೀನಿ. ಬ್ಯಾಸಗಿ ಕಳದ ಮ್ಯಾಲ ಆಪರೇಷನ್ ಮಾಡೂಣು ಅಂದಾರ ಡಾಕ್ಟರು. ಬೀಗದ ಸಂಗತಿ ನನಗ ಕೇಳಬ್ಯಾಡ, ಕಂಪ್ಯೂಟರ್ ನನಗ ತಿಳಿಯಂಗಿಲ್ಲ. ಅಳಿಯ ಸಲೀಮನ ಬೆನ್ನು ನೋವು ಹೆಂಗೈತಿ, ಬರಿ.

ನಿಮ್ಮವ್ವ

ಆಪಾ, ಇಲ್ಲಿಂದ ಮುಂದೆ ನನ್ನ ಮಾತು. ಅಮ್ಮನಿಗೆ ಓದಿ ಹೇಳಿಲ್ಲ.

ಎಲ್ಲರೆದುರು ಹಾಗೆ ಹೇಳಿದ್ದು ನನ್ನ ತಪ್ಪು. ಆದರೆ ಬೀಗ ಹಾಕಿದ್ದು ನಿಮಗೆಂದು ಅಲ್ಲ. ಹೋದ ವರ್ಷ ಲ್ಯಾಪ್‌ಟಾಪ್ ಕೆಟ್ಟಾಗ ಊರ ಹೊರಗೆ ಒಂದು ಕಡೆ ರಿಪೇರಿಗೆ ಕೊಟ್ಟಿದ್ದೆವು. ಅದಾದ ಕೆಲವೇ ತಿಂಗಳಿಗೆ ಅಮ್ಮನ ಕಮಲದ ಜಮಖಾನ, ಅದೇ ಅಂಚು ಅದೇ ಬಣ್ಣ, ಯಾವುದೋ ಪವರ್‌ಲೂಮಿನಲ್ಲಿ ನೇಯ್ದದ್ದು ಮೊಬೈಲಿನಲ್ಲಿ ಮಾರಾಟಕ್ಕೆ ಬಂತು. ಅಮ್ಮ ಆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದು ನನ್ನದ. ಆದರ ನಾ ಮಾಡಿದ್ದಲ್ಲ” ಎಂದರು.

ಆಮೇಲೆ ನಾನೇ ಮೊಬೈಲಿನಲ್ಲಿ ನೋಡಿ ಕಲಿತೆ. ಎನ್‌ಕ್ರಿಪ್ಷನ್ ಎಂದು ಕರೆಯುತ್ತಾರೆ. ಅದರ ಸಾಫ್ಟ್‌ವೇರ್ ನಮ್ಮ ಫೈಲುಗಳನ್ನೆಲ್ಲ ತಲೆಬುಡ ತಿಳಿಯದಂತೆ ಕಲಸಿಬಿಡುತ್ತದೆ. ಪಾಸ್‌ವರ್ಡ್ ಕೊಟ್ಟರೆ ಮಾತ್ರ ಮೊದಲಿನಂತೆ ಕಾಣುತ್ತವೆ. ಪಾಸ್‌ವರ್ಡ್ ಮರೆತರೆ ಸಾಫ್ಟ್‌ವೇರ್ ಮಾಡಿದವರಿಂದಲೂ ತೆಗೆಯಲಾಗದು. ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಅಳಿಸಿ, ಪೆನ್‌ಡ್ರೈವಿನಲ್ಲಿ ಹಾಗೆ ಬೀಗ ಹಾಕಿ ಇಟ್ಟಿದ್ದೇನೆ.

ನಿಮ್ಮ ಸಿಟ್ಟು ಇಳಿಯಲಿ.

ತಮನ್ನಾ


ಸಂಶಿ
4 ಮಾರ್ಚ್ 2024

ತಮನ್ನಾ,

ನಾನು ಕೇಳಿದ್ದು ತಾಯಿಯನ್ನು, ಉತ್ತರ ಕೊಟ್ಟವಳು ನೀನು. ಆ ಮನೆಯಲ್ಲಿ ಈಗ ಎಲ್ಲವೂ ಹೀಗೇ ಇರಬೇಕು.

ನೀನು ಓದಿದವಳು, ಬಿ.ಕಾಂ. ಮಾಡಿದವಳು, ಸಾಫ್ಟ್‌ವೇರ್ ಅದೂ ಇದೂ ಎಂದು ಹೇಳಿದರೆ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆಂದು ತಿಳಿದಿರಬೇಕು. ಒಂದೇ ಮಾತು ಕೇಳುತ್ತೇನೆ. ಆ ಪಾಸ್‌ವರ್ಡ್ ನನ್ನ ತಾಯಿಗೆ ಗೊತ್ತೋ ಇಲ್ಲವೋ? ಗೊತ್ತಿದ್ದರೆ ಅವಳೇ ನನಗೆ ಹೇಳುತ್ತಾಳೆ. ಗೊತ್ತಿಲ್ಲವೆಂದರೆ ಅವಳು ಜೀವಮಾನವೆಲ್ಲ ಬೆನ್ನು ಬಗ್ಗಿಸಿ ಮಾಡಿದ್ದಕ್ಕೆ ಈಗ ಒಡತಿ ಯಾರು?

ಸಂಘದ ಹೆಂಗಸರು ನನ್ನನ್ನು ಕೇಳುತ್ತಾರೆ: “ನವಲಗುಂದದ ಹಲೀಮಾಬಿ ಮಗಳಂತಲ್ಲ ನೀವು, ನಿಮಗ ಬರೀ ಪಟ್ಟೀನ ಬರತೈತೇನ್ರಿ?” ಈ ಮಾತು ಕೇಳಿ ನಗುವುದು ಹೇಗಿರುತ್ತದೆಂದು ನಿನಗೆ ತಿಳಿಯದು. ನಿನ್ನ ಕೈ ಹಿಡಿದು ಅವಳು ಕಲಿಸಿದಳು. ನನ್ನ ಕೈಗೆ ಕೊಡ ಕೊಟ್ಟು ನೀರಿಗೆ ಕಳಿಸಿದಳು.

ತಬಸುಮ್


ನವಲಗುಂದ
21 ಮಾರ್ಚ್ 2024

ಆಪಾ,

ನೇರವಾಗಿ ಕೇಳಿದಿರಿ, ನೇರವಾಗಿ ಹೇಳುತ್ತೇನೆ. ಅಮ್ಮನಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಒಮ್ಮೆ ಹೇಳಲು ಹೋಗಿದ್ದೆ. ಅವರಿಗೆ ಕೇಳಿಸಬೇಕೆಂದರೆ ಎಷ್ಟು ಜೋರಾಗಿ ಹೇಳಬೇಕು ಎಂಬುದು ನಿಮಗೂ ಗೊತ್ತು. ಅರ್ಧ ಹೇಳುವಷ್ಟರಲ್ಲಿ ರಾಜಮಾಬಿ ತನ್ನ ಕಟ್ಟೆಯಿಂದಲೇ, “ಏನವಾ, ಯಾರ ಹೆಸರು ಅದು?” ಎಂದು ಕೇಳಿದಳು. ಅಮ್ಮ ನಕ್ಕು, “ಬಿಡು, ನಿನ್ನ ಹತ್ರನ ಇರಲಿ” ಅಂದರು. ಅಂದೇ ಅದನ್ನು ಬದಲಿಸಿದೆ.

ಒಡತಿ ಅಮ್ಮನೇ. ನಾನು ಬೀಗದ ಕೈ ಹಿಡಿದವಳು ಮಾತ್ರ. ಇದು ನಿಮಗೆ ಸಣ್ಣ ಮಾತಾಗಿ ಕೇಳಬಹುದು. ಕಲಿಯಲು ಕೂತ ದಿನ ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು, ಮನೆಯ ಹೊರಗೆ ಯಾರಿಗೂ ತೋರಿಸುವುದಿಲ್ಲ ಎಂದು. ‘ಮಗಳಿಗೆ ತೋರಿಸಬಹುದು’ ಎಂದು ಅವರೇ ಹೇಳಬೇಕು. ಹೇಳಿಸಿ. ನಾನು ಅದೇ ಗಳಿಗೆ ತೆಗೆಯುತ್ತೇನೆ.

ಜೂನಿನಲ್ಲಿ ಆಪರೇಷನ್. ಆಸ್ಪತ್ರೆಯಲ್ಲಿ ಅಮ್ಮನ ಬಾಜು ನಾನಿರಬೇಕಾಗುತ್ತದೆ. ಆಗ ನೀವು ಇಲ್ಲಿಗೆ ಬಂದು ಮನೆ ನೋಡಿಕೊಂಡರೆ ಮಕ್ಕಳಿಗೂ ಇವರಿಗೂ ಊಟದ ಚಿಂತೆ ಇರುವುದಿಲ್ಲ. ನಿಮ್ಮನ್ನಲ್ಲದೆ ಇನ್ನಾರನ್ನು ಕರೆಯಲಿ?

ತಮನ್ನಾ


ನವಲಗುಂದ
8 ಜುಲೈ 2024

ಆಪಾ,

ನೀವು ಬಂದು ಮನೆ ನಡೆಸಿದ್ದಕ್ಕೆ ಎಷ್ಟು ಹೇಳಿದರೂ ಕಡಿಮೆ. ಮಕ್ಕಳು ಇನ್ನೂ ನಿಮ್ಮ ಕೈಯ ಖೀರು ಬೇಕು ಎನ್ನುತ್ತಿವೆ. ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಬೆಳಕು ಕಾಣುತ್ತದೆ, ಮನುಷ್ಯರು ಮಸುಕಾಗಿ ಕಾಣುತ್ತಾರೆ. ಎಳೆ ಕಾಣುವುದಿಲ್ಲ, ಪೊರೆ ತೆಗೆದರೂ ಒಳಗಿನ ನರ ಸೋತಿರುವುದರಿಂದ ಇನ್ನು ಕಾಣುವುದೂ ಇಲ್ಲ ಎಂದಿದ್ದಾರೆ ಡಾಕ್ಟರು. ಅಮ್ಮ ಮಗ್ಗವನ್ನು ಕೈಯಿಂದ ಸವರಿ ಬಂದು ಮಲಗಿದರು.

ಇನ್ನೊಂದು ಮಾತು ಹೇಗೆ ಬರೆಯಲಿ ಎಂದು ಯೋಚಿಸಿ ಯೋಚಿಸಿ ಈಗ ಬರೆಯುತ್ತಿದ್ದೇನೆ. ಹೊಲಿಗೆ ಯಂತ್ರದ ಡ್ರಾವರಿನಲ್ಲಿದ್ದ ಪೆನ್‌ಡ್ರೈವ್ ಕಾಣುತ್ತಿಲ್ಲ. ಕೆಂಪು ದಾರ ಕಟ್ಟಿದ್ದು. ಮನೆಯೆಲ್ಲ ಹುಡುಕಿದೆ, ನುಚ್ಚಿನ ಡಬ್ಬಿಯನ್ನೂ ಬಿಡಲಿಲ್ಲ. ಅಮ್ಮನ ಎಲ್ಲ ಜಮಖಾನಗಳ ಬರಹ, ಫೋಟೊ, ಅಮ್ಮ ಬಾಯಿಂದ ಹೇಳಿದ ಎಣಿಕೆಯ ರೆಕಾರ್ಡಿಂಗ್, ಎಲ್ಲವೂ ಅದೊಂದರಲ್ಲೇ ಇದೆ. ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲ. ಪ್ರತಿ ಹೆಚ್ಚಾದಷ್ಟೂ ಕಳುವಾಗುವ ದಾರಿಯೂ ಹೆಚ್ಚು ಎಂದು ಹೆದರಿದ್ದೆ.

ಮಕ್ಕಳು ಆಡಲು ಒಯ್ದದ್ದನ್ನು ಏನಾದರೂ ನೋಡಿದ್ದಿರಾ? ಬೇರೇನೂ ಕೇಳುತ್ತಿಲ್ಲ ಆಪಾ. ನೋಡಿದ್ದರೆ ಹೇಳಿ.

ತಮನ್ನಾ


ಸಂಶಿ
15 ಜುಲೈ 2024

ತಮನ್ನಾ,

ಹಗಲೆಲ್ಲ ನಿನ್ನ ಒಲೆಯ ಮುಂದೆ ದುಡಿದದ್ದಕ್ಕೆ ಒಳ್ಳೆಯ ಬಹುಮಾನ ಕೊಟ್ಟೆ. ‘ಬೇರೇನೂ ಕೇಳುತ್ತಿಲ್ಲ’ ಎಂದು ಬರೆದು ಎಲ್ಲವನ್ನೂ ಕೇಳಿಬಿಟ್ಟೆ. ಆ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಕಳ್ಳಿಯ ಪಟ್ಟ ಕಟ್ಟಲು ನಿನಗೆ ಕೈ ಹೇಗೆ ಬಂತು?

ಆಸ್ಪತ್ರೆಯಿಂದ ಬರುವಾಗ ಅಮ್ಮ ಯಾರ ಭುಜ ಹಿಡಿದಿದ್ದಳೆಂದು ನಾನು ಬಾಗಿಲಲ್ಲಿ ನಿಂತು ನೋಡಿದೆ. ನಾನು ಕೈ ಚಾಚಿದೆ. ಅವಳು ನಿನ್ನ ಭುಜ ಬಿಡಲಿಲ್ಲ. ಅಷ್ಟು ಸಾಲದೆ ಈಗ ಈ ನಾಟಕವೂ ಬೇಕೇ? ಒಳಗೆ ಏನೂ ಇಲ್ಲದ ಪೆನ್‌ಡ್ರೈವಿಗೆ ದಾರ ಕಟ್ಟಿ, ಬೀಗ ಹಾಕಿದ್ದೇನೆಂದು ಊರಿಗೆಲ್ಲ ಸಾರಿ, ಈಗ ಅದು ಹೋಯಿತೆಂದು ಅಳುತ್ತೀಯಾ? ಅಮ್ಮನನ್ನು ನಿನ್ನ ಮುಷ್ಟಿಯಲ್ಲಿಟ್ಟುಕೊಳ್ಳಲು ಎಷ್ಟು ಚೆನ್ನಾಗಿ ಆಡಿದೆ. ಇನ್ನು ನನಗೆ ಬರೆಯಬೇಡ.

ತಬಸುಮ್


ನವಲಗುಂದ
20 ಜುಲೈ 2024

ಆಪಾ,

ಅದರೊಳಗೆ ಏನೂ ಇಲ್ಲವೆಂದು ನಿಮಗೆ ಹೇಗೆ ಗೊತ್ತಾಯಿತು?

ಈ ಸಾಫ್ಟ್‌ವೇರ್ ಹಾಕಿ ಇಟ್ಟ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಒಳಗಿದ್ದದ್ದು ಕಾಣುವುದಿಲ್ಲ. ಕಂಪ್ಯೂಟರಿಗೆ ಅದು ಖಾಲಿಯಂತೆ, ಕೆಟ್ಟದ್ದರಂತೆ ತೋರುತ್ತದೆ. ‘ಫಾರ್ಮ್ಯಾಟ್ ಮಾಡಲೇ’ ಎಂದು ತಾನೇ ಕೇಳುತ್ತದೆ. ಹೂಂ ಎಂದರೆ ಎಲ್ಲ ಮುಗಿಯಿತು.

ನೀವು ಹೂಂ ಅಂದಿರಾ? ಅಷ್ಟು ಹೇಳಿ. ಬೈಯುವುದಿಲ್ಲ. ಅಂದಿಲ್ಲವಾದರೆ ಇನ್ನೂ ಉಳಿದಿದೆ.

ತಮನ್ನಾ


ಸಂಶಿ
29 ಆಗಸ್ಟ್ 2024

ತಮನ್ನಾ,

ಇಷ್ಟು ದಿನ ಬರೆಯಲಿಲ್ಲ. ಈಗಲೂ ನಾನಾಗಿ ಬರೆಯುತ್ತಿಲ್ಲ. ನಿನ್ನ ಪತ್ರ ಇವರ ಕೈಗೆ ಸಿಕ್ಕಿತು. ಓದಿದವರು ಒಳಗೆ ಹೋಗಿ ನನ್ನ ಬಳೆಯ ಡಬ್ಬಿ ತಂದು ಮುಂದಿಟ್ಟರು. ಕೆಂಪು ದಾರ ಹೊರಗೇ ಕಾಣುತ್ತಿತ್ತು. “ನೀ ಬರಿತೀಯೋ, ನಾ ಬರೀಲ್ಯೋ?” ಅಂದರು. ಅಷ್ಟೇ. ಅಂದಿನಿಂದ ತಾವು ದುಡಿಯುವ ಮೋಟಾರು ರಿಪೇರಿಯ ಅಂಗಡಿಯಲ್ಲೇ ಊಟ ತರಿಸಿಕೊಂಡು ಉಣ್ಣುತ್ತಿದ್ದಾರೆ.

ನೀವು ಆಸ್ಪತ್ರೆಯಲ್ಲಿದ್ದಾಗ ಸೂಜಿ ಹುಡುಕುತ್ತ ಡ್ರಾವರು ತೆಗೆದೆ. ಸೂಜಿ ಸಿಕ್ಕ ಮೇಲೂ ಹುಡುಕಿದೆ. ಅದನ್ನು ಕೈಯಲ್ಲಿ ಹಿಡಿದಾಗ ಹೆಬ್ಬೆರಳಿಗಿಂತ ಸಣ್ಣದಿತ್ತು. ನನ್ನ ತಾಯಿಯ ಆಯುಷ್ಯವೆಲ್ಲ ಇಷ್ಟರಲ್ಲಿದೆ, ಇದು ಸೊಸೆಯ ಡ್ರಾವರಿನಲ್ಲಿ ಮಲಗಿದೆ ಎಂದುಕೊಂಡೆ. ಆಮೇಲೆ ಅದು ನನ್ನ ಕುಪ್ಪಸದೊಳಗಿತ್ತು.

ಇಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಈರೇಶನ ಝೆರಾಕ್ಸ್ ಅಂಗಡಿ ಇದೆ. ನಮ್ಮ ಮನೆಯ ಎಲ್ಲ ಕಾಗದ ಪತ್ರ ಮಾಡುವವನು ಅವನೇ. ಕಂಪ್ಯೂಟರಿಗೆ ಹಾಕಿದ ತಕ್ಷಣ ಏನೋ ಬಂತು.

“ಇದು ಫಾರ್ಮ್ಯಾಟ್ ಕೇಳಾಕತ್ತೈತ್ರಿ ಅಕ್ಕಾರ. ಒಳಗ ಏನರ ಬೇಕಾದ್ದು ಐತೇನು?” ಅಂದ.

“ಏನೈತಿ ನೋಡಪಾ ಮೊದಲ.”

“ಏನೂ ಕಾಣವಲ್ದು. ಖಾಲಿ ಇದ್ದಂಗ ಐತಿ.”

ತಮನ್ನಾ, ಆ ಗಳಿಗೆಯಲ್ಲಿ ನನಗಾದ ಸಂತೋಷ ಎಂಥದ್ದೆಂದು ನಿನ್ನಿಂದ ಮುಚ್ಚಿಡಲಾರೆ. ಅದರಲ್ಲಿ ಏನೂ ಇರಲಿಲ್ಲ. ಅಂದರೆ ಅಮ್ಮ ನಿನಗೂ ಏನೂ ಕೊಟ್ಟಿಲ್ಲ, ನೀನು ಸುಳ್ಳು ಹೇಳುತ್ತಿದ್ದೆ. ನಾವಿಬ್ಬರೂ ಸಮ. ಅಂಗಡಿಯಲ್ಲಿ ನಿಂತಲ್ಲೇ ನನಗೆ ನಗು ಬಂತು. “ಮಾಡಪಾ ಫಾರ್ಮ್ಯಾಟು. ನಮ್ಮ ನಾದಿನಿ ಮಗಳ ಮದುವಿ ವಿಡಿಯೊ ಹಾಕಿಕೊಡು” ಎಂದೆ. ಅವನು ಇಡೀ ಮದುವೆಯನ್ನು ತುಂಬಿಕೊಟ್ಟ. ಮನೆಗೆ ತಂದು ಟಿ.ವಿ.ಗೆ ಹಾಕಿ ಎಲ್ಲರಿಗೂ ತೋರಿಸಿದೆ.

ಅದನ್ನು ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ಏನಾದರೂ ಮಾಡಲು ಬರುತ್ತದೆಯೇ ನೋಡು. ಅಮ್ಮನಿಗೆ ಓದಿ ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಹೇಳಬೇಡ ಎನ್ನುವ ಬಾಯಿ ನನಗಿಲ್ಲ.

ತಬಸುಮ್


ನವಲಗುಂದ
14 ಸೆಪ್ಟೆಂಬರ್ 2024

ಆಪಾ,

ಧಾರವಾಡದಲ್ಲಿ ಬಲ್ಲವರಿಗೆ ತೋರಿಸಿದೆ. ಬರೀ ಫಾರ್ಮ್ಯಾಟ್ ಆಗಿದ್ದರೆ ಪ್ರಯತ್ನ ಮಾಡಬಹುದಿತ್ತಂತೆ. ಮೇಲೆ ವಿಡಿಯೊ ತುಂಬಿದ್ದರಿಂದ ಏನೂ ಬರುವುದಿಲ್ಲ ಎಂದರು. ಬೀಗ ಹಾಕಿರದಿದ್ದರೆ ಚೂರುಪಾರಾದರೂ ಸಿಗುತ್ತಿತ್ತಂತೆ. ಹಾಗೆ ಕಲಸಿಟ್ಟವಳು ನಾನೇ. ಇನ್ನೊಂದು ಪ್ರತಿ ಮಾಡದವಳೂ ನಾನೇ. ಆದ್ದರಿಂದ ತಪ್ಪನ್ನು ಪೂರ್ತಿ ನಿಮ್ಮ ಮೇಲೆ ಹೊರಿಸಲು ನನಗೆ ಆಗುತ್ತಿಲ್ಲ. ಆಗಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಬೈಯುವುದಿಲ್ಲ ಎಂದಿದ್ದೆ. ಬೈಯುವುದಿಲ್ಲ. ಆದರೆ ಒಂದು ಸಂಗತಿ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗದು.

ಆ ರೆಕಾರ್ಡಿಂಗುಗಳಲ್ಲಿ ಏನಿತ್ತು ಗೊತ್ತೇ? ಅಮ್ಮ ಎಣಿಕೆ ಹೇಳುತ್ತ ಹೇಳುತ್ತ ಎಲ್ಲೋ ಹೋಗಿಬಿಡುತ್ತಿದ್ದರು. “ಎರಡು ಕೆಂಪು, ಒಂದು ಬಿಳಿ, ಮತ್ತ ಎರಡು ಕೆಂಪು. ಈ ಕೆಂಪು ತಬಸುಮ್‌ಗ ಭಾಳ ಸೇರತಿತ್ತು. ಪರದಿ ಸಂದಿಯಿಂದ ಎಳಿ ಕದ್ದು ಒಯ್ದು ಗೊಂಬಿಗೆ ಸೀರಿ ಉಡಸತಿದ್ದಳು. ನಾ ನೋಡಿದರೂ ನೋಡದಂಗ ಕೂಡತಿದ್ದೆ.” ಹೀಗೆ. ಒಂದು ಅಂಚು ಮುಗಿಯುವಷ್ಟರಲ್ಲಿ ನಿಮ್ಮ ಹೆಸರು ಎಷ್ಟೋ ಸಲ ಬರುತ್ತಿತ್ತು. ನವಿಲಿನ ಅಂಚಿನಲ್ಲಿ ಒಮ್ಮೆ ಅತ್ತಿದ್ದರು: “ಆಕೀಗೆ ಕಲಿಸಿದ್ದರ ಈಟೊತ್ತಿಗೆ ನನ್ನ ಮೀರಸತಿದ್ದಳು” ಎಂದು.

ನಾನು ಬಾಜುವಿನಲ್ಲೇ ಕೂತಿರುತ್ತಿದ್ದೆ ಆಪಾ. ಬೆರಳ ಸಂದಿ ಸೀಳಿ ರಕ್ತ ಬರುವ ತನಕ ಎಳೆ ಬಿಗಿಸುವ ಕಬ್ಬಿಣದ ಪಂಜದಿಂದ ಹೊಡೆದು ಹೊಡೆದು ಕಲಿತವಳು ನಾನು. ಅವರು ಹೇಳುತ್ತಿದ್ದುದು ನನಗೆ, ಕಾಣುತ್ತಿದ್ದುದು ನಿಮ್ಮನ್ನು. ಒಂದು ದಿನವೂ ‘ಛಲೋ ಮಾಡಿದಿ’ ಎಂದವರಲ್ಲ. ನಿಮಗೆ ಬೀಗದ ಮೇಲೆ ಸಿಟ್ಟು ಬಂತು. ನನಗೆ ಅದರೊಳಗಿದ್ದ ನಿಮ್ಮ ಮೇಲೆ ಎಷ್ಟೋ ವರ್ಷದಿಂದ ಸಿಟ್ಟಿತ್ತು. ಅಂದು ಮಂದಿಯೆದುರು ‘ಈಗ ಬ್ಯಾಡ್ರಿ’ ಎಂದಾಗ, ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಿತವಾಗಿತ್ತು.

ಈಗ ಅಮ್ಮನ ಆ ದನಿ ಎಲ್ಲಿಯೂ ಇಲ್ಲ. ನೀವು ಅಳಿಸಿದ್ದು ನನ್ನದಕ್ಕಿಂತ ಹೆಚ್ಚು ನಿಮ್ಮದನ್ನೇ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದ್ದೇನೆ. ಬರೆಸುತ್ತಾರೇನೋ ಎಂದು ಕಾಯುತ್ತಿದ್ದೇನೆ.

ತಮನ್ನಾ


ನವಲಗುಂದ
2 ಅಕ್ಟೋಬರ್ 2024

ತಬಸುಮ್,

ನಿಮ್ಮವ್ವ ಹೇಳೂದು. ಈ ಸಲ ರಮಜಾನ್ ಬರಿಯಾಕತ್ತಾನ. ಆಕೀಗೆ ಬರಿಯಾಕ ಹಚ್ಚಬಾರದು ಅನಿಸಿತು.

ನಿನ್ನ ಮ್ಯಾಲ ಸಿಟ್ಟು ಬಂದಿತ್ತು, ಭಾಳ ಬಂದಿತ್ತು. ಮುಖ ನೋಡಬಾರದು ಅಂದುಕೊಂಡೆ. ಆಮ್ಯಾಲ, ಮೊದಲ ಎಲ್ಲಿ ನೋಡಾಕ ಬರತೈತಿ ನನಗ, ಅನಿಸಿ ನಗು ಬಂತು.

ಮಗಳಿಗೆ ಕಲಿಸಬಾರದು ಅಂದಾಕಿ ನಮ್ಮತ್ತಿ. ಆಕಿ ಮಣ್ಣಾಗಿ ಭಾಳ ವರ್ಷ ಆತು. ಆಕಿ ಮಾತು ಹಿಡಕೊಂಡು ನಾ ನಿನ್ನ ಹೊರಗ ಕಳಿಸಿದೆ. ನೀ ಕಳವು ಮಾಡಿದಿ. ಈ ಹುಡುಗಿ ಬೀಗ ಹಾಕಿದಳು. ಮೂರು ಮಂದೀನೂ ಕೂಡೇ ಹಾಳ ಮಾಡೀವಿ. ನನ್ನ ತಲ್ಯಾಗ ಇನ್ನೂ ಅರ್ಧ ಐತಿ, ದಿನಾ ಒಂದೊಂದು ಎಣಿಕಿ ಜಾರಾಕತ್ತೈತಿ. ಅದು ಪೂರಾ ಹೋಗೂದರಾಗ ಬಾ. ಕಡ್ಲಿ ಬಿತ್ತನಿಕಿ ಐತಿ, ಅದೈತಿ ಇದೈತಿ ಅಂತ ಹೇಳಬ್ಯಾಡ.

ನಾ ಬಾಯಿಲೆ ಹೇಳತೀನಿ. ಕೈ ಹಿಡಿದು ಕಲಿಸಾಕ ನನಗ ಆಗೂದಿಲ್ಲ, ಆಕಿ ಕಲಸತಾಳ. ಆಕಿ ಕೈಯಾಗ ಕಲಿಯಾಕ ಆಗತೈತಿ ಅಂದರ ಬಾ. ಆಗೂದಿಲ್ಲ ಅಂದರ ಅಲ್ಲೇ ಇರು.

ನಿಮ್ಮವ್ವ


ಸಂಶಿ
11 ಜನವರಿ 2025

ತಮನ್ನಾ,

ನೇಯ್ಗೆ ಕಲಿತು ಹೊರಟ ದಿನ ನೀನು ನನ್ನನ್ನು ಬಸ್ಸು ಹತ್ತಿಸಿದ ಮೇಲೆ ನಾನು ನೇರ ಸಂಶಿಗೆ ಬರಲಿಲ್ಲ. ಮೊರಬಕ್ಕೆ ಹೋದೆ. ಅಮ್ಮ ಹಿಂದೆ ನೇಯ್ದುಕೊಟ್ಟ ದೊಡ್ಡ ಜಮಖಾನ ಅಲ್ಲಿ ರೇವವ್ವ ಎಂಬವರ ಮನೆಯಲ್ಲಿ ಇರಬೇಕು ಎಂದಿದ್ದಳಲ್ಲ. ಅಕಾಲದ ಮಳೆಗೆ ಕರಿನೆಲದ ಹಾದಿಯಲ್ಲಿ ಟ್ರ್ಯಾಕ್ಟರು ಹೂತು ನಿಂತಿತ್ತು, ನಡೆದೇ ಹೋದೆ. ರೇವವ್ವ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹಲೀಮಾಬಿಯ ಮಗಳು ಎಂದೊಡನೆ ಎದ್ದು ಗಂಟು ಬಿಚ್ಚಿಸಿದರು.

“ನಮ್ಮ ಮನಿ ಮದುವಿಗೊಳೆಲ್ಲಾ ಇದರ ಮ್ಯಾಲ ಆಗ್ಯಾವ ನೋಡವಾ. ನಿನಗೂ ಬರತೈತೇನು ಇದು?”

“ಕಲಿಯಾಕತ್ತೀನ್ರಿ” ಎಂದೆ. ತಾಯಿಯಿಂದ ಎನ್ನಲಿಲ್ಲ, ನಿನ್ನಿಂದ ಎನ್ನಲೂ ಇಲ್ಲ. ಅದು ಪಗಡೆ ಹಾಸಿನ ಜಮಖಾನ. ನಾಲ್ಕೂ ಮೂಲೆಯ ಫೋಟೊ ಹಿಡಿದಿದ್ದೇನೆ, ಎಣಿಕೆ ಬರೆದುಕೊಂಡಿದ್ದೇನೆ. ನವಿಲಿನದು ಮಾತ್ರ ಅಲ್ಲಿಯೂ ಇಲ್ಲ. ಅಮ್ಮನ ಬಾಯಿಂದಲೂ ಅದು ಬರಲಿಲ್ಲ. ಕುತ್ತಿಗೆ ತಿರುಗಿಸುವ ಕಡೆ ಬಂದು ನಿಂತುಬಿಡುತ್ತಿದ್ದಳು, ನೀನೂ ನೋಡಿದೆ. ಅದನ್ನು ನೀನು ಇನ್ನೂ ನೇಯ್ದಿರಲೂ ಇಲ್ಲ. ಅದು ಹೋಯಿತು. ನಾನೇ ಕಳೆದದ್ದು ಎಂಬುದು ನನ್ನ ಜೊತೆಗೇ ಇರುತ್ತದೆ.

ನಿನ್ನ ಕೈ ಕೆಳಗೆ ಕಲಿತ ಆ ದಿನಗಳ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದು ಕೂತೆ, ಸುಳ್ಳು ಬರೆಯಲಾರೆ. ನೀನು ನನ್ನ ಬೆರಳು ಹಿಡಿದು ‘ಹಿಂಗ ಅಲ್ರಿ ಆಪಾ, ಹಿಂಗ’ ಎಂದಾಗಲೆಲ್ಲ ಮೈ ಉರಿಯುತ್ತಿತ್ತು. ಉರಿದರೂ ಬೆರಳನ್ನು ಹಿಂದಕ್ಕೆ ಎಳೆಯಲಿಲ್ಲ. ಅಷ್ಟು ಮಾತ್ರ ನನ್ನ ಕೈಲಾಯಿತು.

ಹೊಸ ರೆಕಾರ್ಡಿಂಗನ್ನೆಲ್ಲ ಎರಡು ಪೆನ್‌ಡ್ರೈವಿಗೆ ಹಾಕಿ ಎರಡಕ್ಕೂ ಬೀಗ ಜಡಿದು, ಒಂದನ್ನು ನನ್ನ ಕೈಗೆ ಕೊಟ್ಟೆ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿ, “ಎಲ್ಲೂ ಬರಿಬ್ಯಾಡ್ರಿ” ಎಂದೆ. ಬರೆದಿಲ್ಲ. ನನ್ನ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ನೀನು ಹೇಳಿಕೊಟ್ಟಂತೆ ಆ ಸಾಫ್ಟ್‌ವೇರನ್ನು ಹಾಕಿಸಿದ್ದೇನೆ. ನಾನೊಬ್ಬಳೇ ಇದ್ದಾಗ ತೆಗೆದು ಕೇಳುತ್ತೇನೆ.

ಈಗ ಹೇಳಬೇಕಾದದ್ದು. ಪಗಡೆ ಅಂಚಿನ ಎಣಿಕೆ ಹೇಳಿಸುವ ದಿನ ಹಾಲಿನವನು ಬಂದನೆಂದು ನೀನು ಮೊಬೈಲನ್ನು ಅಲ್ಲೇ ಬಿಟ್ಟು ಎದ್ದು ಹೋದೆ. ರೆಕಾರ್ಡಿಂಗ್ ನಡೆದೇ ಇತ್ತು. ನೀನು ಹೋದದ್ದು ಖಾತ್ರಿ ಮಾಡಿಕೊಂಡು ಅಮ್ಮ ನನ್ನ ಮೊಣಕಾಲು ತಟ್ಟಿದಳು. ಅವಳು ಹೇಳಿದ್ದಕ್ಕೆ ಆಗ ‘ಹೂಂ’ ಎಂದೆ, ನಿನಗೆ ಹೇಳಲಿಲ್ಲ. ಮೊನ್ನೆ ಅದೇ ದನಿ ಲ್ಯಾಪ್‌ಟಾಪಿನಿಂದ ಬಂತು.

“ಎಲ್ಲಿ ಹೋದಳು, ಹೊರಗೇನು? ಹಂಗಾರ ಕೇಳು. ನಿನ್ನ ಕೈಗಿಂತ ತಮನ್ನಾನ ಕೈ ಛಲೋ. ನನ್ನ ಕೈಗಿಂತ್ಲೂ ಛಲೋ. ಮೊದಲನೇ ಅಂಚು ನೇಯ್ದಾಗನ ನನಗ ತಿಳಿದಿತ್ತು, ಹೊಟ್ಯಾಗ ಖಾರ ಕಲಸಿದಂಗಾತು, ಹೇಳಲಿಲ್ಲ. ಹೇಳಬೇಕಾಗಿತ್ತು. ಈಗ ಹೆಂಗ ಹೇಳೂದು, ನಾಚಿಕಿ ಬರತೈತಿ.”

ತಾಯಿಯ ಬಾಯಲ್ಲಿ ಇಂಥ ಮಾತು ನನಗಾಗಿ ಬರಲೆಂದು ನಾನು ಹುಟ್ಟಿದಾಗಿನಿಂದ ಕಾದಿದ್ದೇನೆ ತಮನ್ನಾ. ಅದು ನಿನಗೆ ಬಂತು. ನಾನೇ ಸಾಕ್ಷಿಯಾಗಿ ಕೂರಬೇಕಾಯಿತು. ಮತ್ತೆ ಮತ್ತೆ ಕೇಳಿದೆ. ಅಷ್ಟು ಭಾಗವನ್ನು ಕತ್ತರಿಸಿ ತೆಗೆಯುವುದು ಹೇಗೆಂದು ಮಗಳನ್ನು ಕೇಳಿ ತಿಳಿದುಕೊಂಡೆ. ಸುಲಭವಂತೆ, ಗುರುತೂ ಉಳಿಯುವುದಿಲ್ಲವಂತೆ. ಮಗಳು ಕಾಲೇಜಿಗೆ ಹೋದ ಮೇಲೆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತೆ.

ನಿನ್ನ ಪೆನ್‌ಡ್ರೈವಿನಲ್ಲೂ ಆ ಮಾತು ಇದೆ, ಪಗಡೆ ಅಂಚಿನ ಎರಡನೆಯ ಫೈಲಿನ ಕೊನೆಗೆ. ಎಣಿಕೆ ಮುಗಿಯಿತೆಂದು ನೀನು ಅಲ್ಲಿಯವರೆಗೆ ಕೇಳಿರಲಿಕ್ಕಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಬೀಗ ತೆಗೆದು ಕೇಳು.

ನನ್ನದರಿಂದ ನಾನು ಅಳಿಸಿಲ್ಲ.

ತಬಸುಮ್